ಜೀವಂತ ಬಾಯಿಯ ಹೊರಗೆ

ಊಟದ ಹೊತ್ತು ಬಿಟ್ಟರೆ ನನ್ನ ಕೈ ಬಾಯಿಗೆ ಹೋಗಬಾರದು. ಊಟದ ಹೊತ್ತಿನಲ್ಲೂ ನನ್ನ ಬಾಯಿಗೆ ಮಾತ್ರ ಹೋಗಬೇಕು. ಇದು ನನ್ನ ವ್ರತವಲ್ಲ, ಕಾನೂನು.

ನಾನು ಹಲ್ಲು ಮಾಡುವವನು. ಡಾಕ್ಟರಮ್ಮ ರೋಗಿಯ ಬಾಯಿಯ ಅಚ್ಚು ತೆಗೆದು, ಚೀಟಿ ಬರೆದು, ಹಿಂದಿನ ಕೋಣೆಗೆ ಕಳಿಸುತ್ತಾರೆ. ನಾನು ಅಚ್ಚಿಗೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ವಸಡು ಕಟ್ಟಿ, ಹಲ್ಲು ಜೋಡಿಸಿ, ಬೇಯಿಸಿ, ಹೊಳಪು ಕೊಟ್ಟು ಮುಂದಿನ ಕೋಣೆಗೆ ವಾಪಸು ಕಳಿಸುತ್ತೇನೆ. ಹದಿನಾರು ವರ್ಷಗಳಲ್ಲಿ ಊರಿನ ಅರ್ಧ ಜನರ ನಗು ನನ್ನ ಮೇಜಿನ ಮೇಲೆ ಕೂತು ಎದ್ದು ಹೋಗಿದೆ. ಆ ನಗುವಿನ ಮಾಲೀಕರ ಮುಖ ಕಂಡದ್ದು ಮಾತ್ರ ಅಪರೂಪ. ಎರಡು ಕೋಣೆಗಳ ನಡುವೆ ಒಂದು ಬಾಗಿಲು. ಆಚೆ ಬಾಯಿ, ಈಚೆ ಹಲ್ಲು.

ಬಾಗಿಲ ಪಕ್ಕದಲ್ಲೇ ಗಾಜಿನ ಚೌಕಟ್ಟಿನಲ್ಲಿ ನನ್ನ ಪರವಾನಗಿ ತೂಗುಹಾಕಿದೆ. ಅದರ ಕೆಳಗೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಹೀಗಿದೆ: ‘ದಂತ ತಂತ್ರಜ್ಞ ಎಂದರೆ, ದಂತವೈದ್ಯರ ಲಿಖಿತ ಆದೇಶದ ಮೇರೆಗೆ, ಜೀವಂತ ವ್ಯಕ್ತಿಯ ಬಾಯಿಯ ಹೊರಗೆ, ಕೃತಕ ದಂತಗಳನ್ನು ತಯಾರಿಸುವ ಅಥವಾ ದುರಸ್ತಿ ಮಾಡುವ ವ್ಯಕ್ತಿ.’ ವೃತ್ತಿ ಮಂಡಳಿಯ ಕಾರ್ಯದರ್ಶಿ ಒಮ್ಮೆ ತಪಾಸಣೆಗೆ ಬಂದಾಗ ಇದನ್ನು ಗಟ್ಟಿಯಾಗಿ ಓದಿ ತೋರಿಸಿದ್ದರು. ಒಂದೊಂದು ಪದಕ್ಕೂ ಒಂದೊಂದು ಕುರ್ಚಿ ಹಾಕಿ, ನೀರು ಕೊಟ್ಟು, ಕೂರಿಸಿ, ಆಮೇಲೆ ಮುಂದಿನ ಪದವನ್ನು ಕರೆಯುವ ಧಾಟಿ. ಅವರು ಮೆಟ್ಟಿಲಿಳಿಯುವ ಮೊದಲೇ ಆ ದನಿ ನನ್ನ ಗಂಟಲಿಗೆ ಬಂದಿತ್ತು. “ಜೀ-ವಂ-ತ ವ್ಯಕ್ತಿಯ... ಹಾಗಾದರೆ ಸತ್ತವರ ಬಾಯಿಗೆ ಕೈ ಹಾಕಬಹುದಾ ಸಾರ್?” ಎಂದು ಪ್ರಶ್ನೆಯನ್ನೂ ಉತ್ತರವನ್ನೂ ನಾನೇ ಹೇಳುತ್ತಿದ್ದರೆ ಡಾಕ್ಟರಮ್ಮ ಚಹಾದ ಲೋಟ ಕೆಳಗಿಟ್ಟು ನಗುತ್ತಿದ್ದರು. ನನ್ನನ್ನು ಎಲ್ಲರೂ ಗಿಣಿ ಎಂದು ಕರೆಯುವುದು ಇದಕ್ಕೇ.

ಆ ತಿಂಗಳು ಮಂಡಳಿಯಿಂದ ಕಾಗದ ಬಂತು. ಪಕ್ಕದ ಬೀದಿಯಲ್ಲಿ ನನ್ನಂಥವನೇ ಒಬ್ಬ ತಾನೇ ಅಚ್ಚು ತೆಗೆದು ತಾನೇ ಹಲ್ಲು ಕೂರಿಸುತ್ತಿದ್ದನಂತೆ. ಅವನ ಬಾಗಿಲಿಗೆ ಬೀಗ ಬಿದ್ದಿತ್ತು, ಬೀಗಕ್ಕೆ ಅರಗಿನ ಮುದ್ರೆ. ಅವನ ಹೆಸರನ್ನು ನೋಂದಣಿ ಪುಸ್ತಕದಿಂದ ಹೊಡೆದುಹಾಕಿದ್ದರು. ಅವನಿಗೆ ಕೆಲಸ ಕೊಡುತ್ತಿದ್ದ ದಂತವೈದ್ಯರನ್ನೂ ಎರಡು ವರ್ಷ ಮನೆಯಲ್ಲಿ ಕೂರಿಸಿದ್ದರು. ಕಾಗದದಲ್ಲಿ ಎಚ್ಚರಿಕೆ: ‘ಬಾಯಿಯನ್ನು ಪರೀಕ್ಷಿಸುವುದು, ಹುಣ್ಣು ಗಡ್ಡೆಗಳನ್ನು ಗುರುತಿಸುವುದು, ಆ ಬಗ್ಗೆ ಅಭಿಪ್ರಾಯ ಹೇಳುವುದು, ಬಾಯಿಯಲ್ಲಿ ಇಟ್ಟು ನೋಡಿ ಕೃತಕ ದಂತವನ್ನು ಸರಿಪಡಿಸುವುದು, ಇವೆಲ್ಲ ದಂತವೈದ್ಯ ವೃತ್ತಿಯೇ, ಪ್ರತಿಫಲ ಪಡೆದಿರಲಿ, ಪಡೆಯದಿರಲಿ, ಪರರಿಗಾಗಲಿ, ಸಂಬಂಧಿಕರಿಗಾಗಲಿ.’

ಡಾಕ್ಟರಮ್ಮ ಅದನ್ನು ಚೌಕಟ್ಟಿನ ಪಕ್ಕ ಅಂಟಿಸಿ, “ಓದಿಕೊಂಡ್ಯಾ?” ಎಂದರು.

“ಬಾಯಿಪಾಠ ಆಗಿದೆ ಮೇಡಂ.”

“ಪಾಠ ಸಾಕು. ಬಾಯಿ ನನಗಿರಲಿ.”

ನಾನು ನಕ್ಕೆ. ‘ಸಂಬಂಧಿಕರಿಗಾಗಲಿ’ ಎಂಬ ಪದ ಮಾತ್ರ ನಗಲಿಲ್ಲ. ಯಾಕೆಂದರೆ ಅಷ್ಟರಲ್ಲಾಗಲೇ ಚಿಕ್ಕಮ್ಮನ ಬಾಯಿಗೆ ನಾನು ನಾಲ್ಕು ಸಲ ಕೈ ಹಾಕಿಯಾಗಿತ್ತು.

ಚಿಕ್ಕಮ್ಮ ಎಂದರೆ ನನ್ನ ತಾಯಿಯ ತಂಗಿ. ನನಗೆ ಐದು ವರ್ಷವಿದ್ದಾಗ ಅಮ್ಮ ಹೋದ ಮೇಲೆ ನನ್ನನ್ನು ಎತ್ತಿ ಬೆಳೆಸಿದವಳು. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿನವರ ದನಿಯನ್ನೆಲ್ಲ ಕಿವಿಗೆ ಹಾಕಿಕೊಂಡಿದ್ದಳು. ನನ್ನ ಅನುಕರಣೆಯ ಚಟ ಅವಳ ಕೊಡುಗೆ. ಕಳೆದ ವರ್ಷ ಅವಳ ಮೇಲಿನ, ಕೆಳಗಿನ ಎರಡೂ ಹಲ್ಲುಸೆಟ್ಟನ್ನು ನಾನೇ ಮಾಡಿದ್ದೆ. ಮೊದಲ ದಿನ ಕನ್ನಡಿ ನೋಡಿ, “ಇವಳು ಯಾರೋ, ನನಗಿಂತ ಚೆನ್ನಾಗಿದ್ದಾಳೆ,” ಎಂದಿದ್ದಳು.

ಬುಧವಾರ ಮಧ್ಯಾಹ್ನ ಡಾಕ್ಟರಮ್ಮ ಕಾಲೇಜಿಗೆ ಪಾಠ ಮಾಡಲು ಹೋಗುತ್ತಾರೆ. ಮಂಡಳಿಯ ಕಾಗದ ಬರುವ ಎರಡು ತಿಂಗಳ ಮುಂಚೆ, ಅಂಥ ಒಂದು ಬುಧವಾರ, ಗ್ರಂಥಾಲಯದಿಂದ ಮನೆಗೆ ಹೋಗುವ ದಾರಿಯಲ್ಲಿ ಚಿಕ್ಕಮ್ಮ ನನ್ನ ಕೋಣೆಯ ಹಿಂಬಾಗಿಲಿಗೆ ಬಂದಳು.

“ಲೋ ಗಿಣಿ, ನಿನ್ನ ಹಲ್ಲು ನನ್ನನ್ನೇ ಕಚ್ತಾ ಇದೆ ಕಣೋ.”

“ನಾಳೆ ಡಾಕ್ಟರಮ್ಮ ಇರ್ತಾರೆ, ಮುಂದಿನ ಬಾಗಿಲಿಗೆ ಬಾ.”

“ಆ ಕುರ್ಚಿ ಹಿಂದಕ್ಕೆ ಮಲಗಿತು ಅಂದ್ರೆ ನನಗೆ ಹೆಣ ಆದ ಹಾಗೆ ಆಗುತ್ತೆ. ನನ್ನ ಕೈಯಲ್ಲಾಗಲ್ಲಪ್ಪ. ಮಾಡಿದವನು ನೀನು, ಸರಿಮಾಡೋಕೆ ಇನ್ನೊಬ್ಬರು ಯಾಕೆ?”

ಒಂದು ಪೆನ್ಸಿಲ್ಲಿದೆ, ಒದ್ದೆಯಾದರೆ ನೇರಳೆಯಾಗುತ್ತದೆ. ವಸಡಿನ ಹುಣ್ಣಿನ ಮೇಲೆ ಅದರಿಂದ ಒಂದು ಚುಕ್ಕೆಯಿಟ್ಟು ಸೆಟ್ಟು ಕೂರಿಸಿ ಕಚ್ಚಿಸಿದರೆ, ಚುಕ್ಕೆ ಸೆಟ್ಟಿನ ಒಳಮೈಗೆ ಅಂಟುತ್ತದೆ. ಅಂಟಿದ ಜಾಗವನ್ನು ಮೋಟಾರಿನ ಸಾಣೆಕಲ್ಲಿಗೆ ಹಿಡಿದು ಕೂದಲೆಳೆಯಷ್ಟು ಉಜ್ಜಿದರೆ ಮುಗಿಯಿತು. ಚುಕ್ಕೆ ಇಡುವುದು ಡಾಕ್ಟರಮ್ಮನ ಕೆಲಸ, ಉಜ್ಜುವುದು ನನ್ನದು. ಆ ದಿನ ಎರಡನ್ನೂ ನಾನೇ ಮಾಡಿದೆ. ಕಿಟಕಿಯ ಬೆಳಕಿಗೆ ಅವಳ ಗಲ್ಲ ಹಿಡಿದು ನೋಡಿದರೆ ಕೆಳವಸಡಿನ ಎಡಬದಿಯಲ್ಲಿ, ನಾಲಿಗೆಯ ಪಕ್ಕಕ್ಕೆ, ಅಕ್ಕಿಕಾಳಿನಷ್ಟು ಬಿಳಿ. ಚುಕ್ಕೆಯಿಟ್ಟೆ, ಉಜ್ಜಿದೆ, ಹೊಳಪು ಕೊಟ್ಟೆ. ಅವಳು ಎರಡು ಸಲ ಕಟಕಟ ಎನ್ನಿಸಿ, “ಈಗ ಸುಮ್ಮನಾಯ್ತು,” ಎಂದು ಹೊರಟಳು.

ಎರಡು ವಾರಕ್ಕೆ ಮತ್ತೆ ಬಂದಳು. ಮತ್ತೆ ಚುಕ್ಕೆ, ಮತ್ತೆ ಸಾಣೆ. ಆರನೆಯ ವಾರ, ಒಂಬತ್ತನೆಯ ವಾರ, ಅದೇ ಜಾಗ, ಅದೇ ಕೆಲಸ. ಬಾಗಿಲು ಬಿಗಿಹಿಡಿದರೆ ಮರಗೆಲಸದವನು ಬಾಗಿಲನ್ನೇ ಕೆತ್ತುತ್ತಾನೆ, ಗೋಡೆ ವಾಲಿದೆಯೇ ಎಂದು ನೋಡುವುದಿಲ್ಲ. ಹಲ್ಲು ಮಾಡುವವನಿಗೂ ಹಾಗೆ, ತಪ್ಪೆಲ್ಲ ಹಲ್ಲಿನದೇ. ಹದಿನಾರು ವರ್ಷ ನಾನು ನೋಡಿದ್ದು ಪ್ಲಾಸ್ಟರಿನ ವಸಡು. ಪ್ಲಾಸ್ಟರಿಗೆ ಏನೂ ಹುಟ್ಟುವುದಿಲ್ಲ.

ಹನ್ನೊಂದನೆಯ ವಾರದ ಬುಧವಾರ ಅವಳು ಬಂದಾಗ ನೇರಳೆ ಚುಕ್ಕೆ ಸೆಟ್ಟಿಗೆ ಅಂಟಲಿಲ್ಲ.

ಮತ್ತೆ ಇಟ್ಟೆ. ಮತ್ತೆ ಕಚ್ಚಿಸಿದೆ. ಸೆಟ್ಟಿನ ಒಳಮೈ ತೊಳೆದಷ್ಟು ಸ್ವಚ್ಛ. ನಾಲ್ಕು ಸಲ ಉಜ್ಜಿದ ಆ ಜಾಗ ವಸಡಿನಿಂದ ಎಷ್ಟು ದೂರ ಸರಿದಿತ್ತೆಂದರೆ ಅದು ಅವಳನ್ನು ಮುಟ್ಟುತ್ತಲೇ ಇರಲಿಲ್ಲ. ಕಚ್ಚುವುದಕ್ಕೆ ಅಲ್ಲಿ ಹಲ್ಲೇ ಇಲ್ಲ. ಆದರೂ ಬಿಳಿ ಇತ್ತು, ಈಗ ಹುಣಸೆಬೀಜದಷ್ಟು. ಅದರ ಅಂಚು ಕೆಂಪಾಗಿ, ಒಂಚೂರು ಎದ್ದುನಿಂತಿತ್ತು. ಬೆರಳ ತುದಿಯಿಂದ ಒತ್ತಿದೆ. ಬಟ್ಟೆಯ ಕೆಳಗೆ ಗುಂಡಿ ಸಿಕ್ಕ ಹಾಗೆ ಗಟ್ಟಿ.

“ನೋಯುತ್ತಾ?”

“ಇಲ್ಲ ಕಣೋ. ಮೊದಲು ನೋಯ್ತಿತ್ತು, ಈಗ ನೋಯಲ್ಲ. ವಾಸಿ ಆಗ್ತಿದೆ ಅನ್ಸುತ್ತೆ.”

ನೋಯಬೇಕಿತ್ತು. ನೋವಿಗಾಗಿ ಅಷ್ಟು ಹಾರೈಸಿದ್ದು ನನ್ನ ಜನ್ಮದಲ್ಲೇ ಇಲ್ಲ.

ಆಗ ಬಾಗಿಲಾಚೆಯಿಂದ ಸಾವಿರ ಸಲ ಕೇಳಿದ ಒಂದು ಮಾತು ಕಿವಿಗೆ ಬಂತು. ಹೊಸ ಸೆಟ್ಟಿನ ಪ್ರತಿಯೊಬ್ಬ ರೋಗಿಗೂ ಡಾಕ್ಟರಮ್ಮ ಹೇಳುವ ಮಾತು: “ಹುಣ್ಣಾದ್ರೆ ಬನ್ನಿ, ಉಜ್ಜಿ ಕೊಡ್ತೀನಿ. ಹದಿನೈದು ದಿನದಲ್ಲಿ ಮಾಯಬೇಕು. ಮಾಯಲಿಲ್ಲ ಅಂದ್ರೆ ಅದು ಹಲ್ಲಿಂದ ಆಗಿದ್ದಲ್ಲ.” ಈ ಮಾತನ್ನು ಅವರ ದನಿಯಲ್ಲಿ, ಕೊನೆಗೆ ಮೂಗು ಉಜ್ಜಿಕೊಳ್ಳುವುದೂ ಸೇರಿ, ಎಷ್ಟು ಮನೆಗಳಲ್ಲಿ ಆಡಿ ತೋರಿಸಿ ನಗಿಸಿದ್ದೆನೋ. ಅರ್ಥ ತಲೆಗೆ ಇಳಿದದ್ದು ಆ ಕ್ಷಣ.

“ಚಿಕ್ಕಮ್ಮ, ನಾಳೆ ಮುಂದಿನ ಬಾಗಿಲಿಗೆ ಬಾ. ಡಾಕ್ಟರಮ್ಮ ನೋಡಲಿ.”

“ಯಾಕೆ, ಏನಾಗಿದೆ?”

“ಹೇಳೋಕೆ ನನಗೆ ಪರವಾನಗಿ ಇಲ್ಲ.”

ಅವಳು ನಗಲು ಬಾಯಿ ತೆರೆದಳು, ನನ್ನನ್ನು ನೋಡಿ ಹಾಗೇ ಮುಚ್ಚಿದಳು. “ನಿನ್ನ ಮುಖಕ್ಕೆ ಪರವಾನಗಿ ಬೇಕಾಗಿಲ್ಲ ಕಣೋ. ಅದು ಆಗ್ಲೇ ಹೇಳಿಬಿಡ್ತು.”

ಆಮೇಲೆ ಅವಳ ಕಣ್ಣು ಗೋಡೆಯ ಮೇಲಿನ ಕಾಗದಕ್ಕೆ ಹೋಯಿತು. ಕನ್ನಡಕ ಏರಿಸಿ ನಿಧಾನವಾಗಿ ಓದಿದಳು. ಎಕ್ಸ್‌ಚೇಂಜಿನವಳು, ಒಂದಕ್ಷರ ಬಿಡುವವಳಲ್ಲ.

“ನೀನು ನನ್ನ ಬಾಯಿಗೆ ಕೈ ಹಾಕಿದ್ದು ಗೊತ್ತಾದ್ರೆ?”

“ಹೆಸರು ಹೊಡೆದುಹಾಕ್ತಾರೆ. ಡಾಕ್ಟರಮ್ಮನ ಕ್ಲಿನಿಕ್ಕೂ ಮುಚ್ಚಿಸ್ತಾರೆ.”

“ಸರಿ. ನಿನ್ನ ಸುದ್ದಿ ನಾನು ಎತ್ತಲ್ಲ.”

ನಾನು ಬೇಡವೆನ್ನಬೇಕಿತ್ತು. ಹೇಳಲಿಲ್ಲ. ಮಾತಿಗೆ ಎಂದೂ ಬರವಿಲ್ಲದವನು ಆ ಒಂದು ಮಾತಿಗೆ ಬಾಯಿ ಬಿಡಲಿಲ್ಲ.

ಮರುದಿನ ಹತ್ತು ಗಂಟೆಗೆ ಚಿಕ್ಕಮ್ಮ ಕುರ್ಚಿಯಲ್ಲಿದ್ದಳು. ನಾನು ಅರೆತೆರೆದ ಬಾಗಿಲ ಈಚೆ ಕೈಯಲ್ಲಿ ಯಾವುದೋ ಅಚ್ಚು ಹಿಡಿದು ನಿಂತಿದ್ದೆ. ಕುರ್ಚಿ ಹಿಂದಕ್ಕೆ ಮಲಗಿದ ಸದ್ದು, ದೀಪದ ಕತ್ತು ತಿರುಗಿಸಿದ ಸದ್ದು. ಆಮೇಲೆ ಡಾಕ್ಟರಮ್ಮನ “ಹೂಂ.” ಸ್ವಲ್ಪ ಬಿಟ್ಟು ಇನ್ನೊಂದು “ಹೂಂ.” ಅವರ ಹೂಂಗಳಲ್ಲಿ ಏಳು ಬಗೆಯುಂಟು, ಏಳನ್ನೂ ನಾನು ಬಲ್ಲೆ. ಇದು ಎಂಟನೆಯದು.

“ಯಾವಾಗಿಂದ ಇದೆ ಇದು?”

“ಒಂದು ವಾರ ಆಯ್ತೇನೋ.” ಚಿಕ್ಕಮ್ಮನ ದನಿ ಬೆಣ್ಣೆ ಸವರಿದಷ್ಟು ನುಣುಪು.

“ಸೆಟ್ಟಿನ ಅಂಚನ್ನ ಯಾರು ಉಜ್ಜಿದ್ದು?”

“ನಾನೇ. ಉಗುರು ಉಜ್ಜೋ ಅರ ಇದೆಯಲ್ಲ, ಅದರಲ್ಲಿ.”

“ಉಗುರಿನದ್ದನ್ನ ಹಲ್ಲಿಗೆ ಹಾಕಿದ್ರಾ?”

“ಎರಡೂ ಗಟ್ಟಿ ಪದಾರ್ಥ ತಾನೇ ಡಾಕ್ಟ್ರೇ. ಒಂದಕ್ಕೆ ಆಗಿದ್ದು ಇನ್ನೊಂದಕ್ಕೆ ಆಗಲ್ವಾ?”

ಡಾಕ್ಟರಮ್ಮ ಸೆಟ್ಟನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ಅಂಚು ಕನ್ನಡಿಯಂತೆ ಹೊಳೆಯುತ್ತಿತ್ತು. ಆ ಹೊಳಪು ನನ್ನದು. ಅವರು ಒಮ್ಮೆ ಬಾಗಿಲ ಕಡೆ ನೋಡಿದರು. ನಾನು ಅಚ್ಚಿನ ಕಡೆ ನೋಡಿದೆ. ಇಬ್ಬರೂ ಏನೂ ಕೇಳಿಕೊಳ್ಳಲಿಲ್ಲ.

“ಇನ್ನು ಮೇಲೆ ಅರ ಮುಟ್ಟಬೇಡಿ. ಒರಟು ಅಂಚು ಉಜ್ಜಿ ಉಜ್ಜಿ ಗಾಯ ಆಗಿರಬಹುದು. ನಾನು ಸರಿಯಾಗಿ ಮಾಡಿಸಿ ಕೊಡ್ತೀನಿ. ಹದಿನೈದು ದಿನ ನೋಡೋಣ. ಮಾಯದೇ ಇದ್ರೆ ಆಗ ದೊಡ್ಡಾಸ್ಪತ್ರೆಗೆ ಬರೆದು ಕೊಡ್ತೀನಿ.”

“ಹದಿನೈದು ದಿನ ತಾನೇ, ಆಗಲಿ,” ಎಂದಳು ಚಿಕ್ಕಮ್ಮ. ಅವಳ ಲೆಕ್ಕದಲ್ಲಿ ನಾನು ಪಾರಾಗಿದ್ದೆ.

ಸೆಟ್ಟು ನನ್ನ ಕೈಗೆ ಬಂತು, ಜೊತೆಗೆ ಚೀಟಿ: ‘ಎಡ ಅಂಚು ನಯಗೊಳಿಸಿ.’ ಲಿಖಿತ ಆದೇಶ. ಜೀವಂತ ವ್ಯಕ್ತಿಯ ಬಾಯಿಯ ಹೊರಗೆ. ಇಂಚಿಂಚೂ ಕಾನೂನುಬದ್ಧ.

ಮೋಟಾರು ಚಾಲೂ ಮಾಡಿದೆ. ಅಂಚನ್ನು ಕಲ್ಲಿಗೆ ಹಿಡಿಯಲು ಹೋದರೆ ಹಿಡಿಯಲು ಅಂಚೇ ಇಲ್ಲ. ಕಲ್ಲು ಬರಿದೇ ತಿರುಗಿತು. ಹದಿನೈದು ದಿನ ಏನು ಮಹಾ ಎಂದು ನನಗೆ ನಾನೇ ಹೇಳಿಕೊಂಡೆ. ಹನ್ನೊಂದು ವಾರ ಕಳೆದಿದೆ, ಇನ್ನೆರಡು ವಾರ. ಅಷ್ಟರಲ್ಲಿ ಅದೇ ಮಾಯಬಹುದು. ಮಾಯದಿದ್ದರೆ ಆಸ್ಪತ್ರೆ ಇದ್ದೇ ಇದೆ, ನನ್ನ ಹೆಸರೂ ಇರುತ್ತದೆ, ಡಾಕ್ಟರಮ್ಮನ ಬೋರ್ಡೂ ಇರುತ್ತದೆ. ಎಷ್ಟು ಚೆಂದದ ವಾದ. ಇದನ್ನು ಯಾರ ದನಿಯಲ್ಲಿ ಹೇಳಿಕೊಳ್ಳುತ್ತಿದ್ದೇನೆ ಎಂದು ಕಿವಿಗೊಟ್ಟರೆ, ಯಾರದೂ ಅಲ್ಲ, ನನ್ನದೇ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

ಅಕ್ಕಿಕಾಳು ಹುಣಸೆಬೀಜವಾಗಲು ಹನ್ನೊಂದು ವಾರ. ಹುಣಸೆಬೀಜ ಏನಾಗುತ್ತದೆ, ಎಷ್ಟು ದಿನಕ್ಕೆ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವರಿಗೆ ನಾವು ಒಂದು ವಾರ ಎಂದು ಲೆಕ್ಕ ಕೊಟ್ಟಿದ್ದೆವು.

ಮೋಟಾರು ನಿಲ್ಲಿಸಿದೆ. ಕೈ ತೊಳೆದೆ, ಯಾಕೆ ತೊಳೆದೆನೋ. ಬಾಗಿಲು ದಾಟಿ ಮುಂದಿನ ಕೋಣೆಗೆ ಹೋದೆ. ಚಿಕ್ಕಮ್ಮ ಕುರ್ಚಿಯಿಂದ ಇಳಿಯುತ್ತಿದ್ದಳು.

“ಮೇಡಂ, ಇದರಲ್ಲಿ ಉಜ್ಜೋಕೆ ಏನೂ ಉಳಿದಿಲ್ಲ.”

“ಲೋ, ನೀನು ಒಳಗೆ ಹೋಗು,” ಎಂದಳು ಚಿಕ್ಕಮ್ಮ.

“ಒಂದು ವಾರ ಅಲ್ಲ ಮೇಡಂ, ಹನ್ನೊಂದು ವಾರ. ನಾಲ್ಕು ಸಲ ಉಜ್ಜಿದ್ದೀನಿ. ಪೆನ್ಸಿಲ್ ಹಾಕಿ, ನೋಡಿ, ನಾನೇ. ನಿನ್ನೆ ಚುಕ್ಕೆ ಅಂಟಲೇ ಇಲ್ಲ. ಸೆಟ್ಟು ಆ ಜಾಗ ಮುಟ್ತಾನೇ ಇಲ್ಲ.”

“ಅವನು ಸುಳ್ಳು ಹೇಳ್ತಿದ್ದಾನೆ ಡಾಕ್ಟ್ರೇ. ಚಿಕ್ಕಂದಿನಿಂದ ನಾಟಕ ಅವನದ್ದು.”

ಡಾಕ್ಟರಮ್ಮ ಚಿಕ್ಕಮ್ಮನ ಮಾತಿಗೆ ತಿರುಗಲಿಲ್ಲ. ಅವರ ಮುಖದ ಬಣ್ಣ ಇಳಿಯಿತು. ಸಿಟ್ಟು ಬರುತ್ತದೆಂದು ಕಾದೆ, ಬರಲಿಲ್ಲ. ಕೈಗವಸು ಬದಲಿಸಿಕೊಳ್ಳುತ್ತಾ, “ಕೂತ್ಕೊಳ್ಳಿ ಅಮ್ಮ, ಇನ್ನೊಂದ್ಸಲ ನೋಡ್ತೀನಿ,” ಎಂದರು. ನನಗೆ, “ತಾರೀಖು ಹೇಳು. ಒಂದೂ ಬಿಡದೆ.”

ಹೇಳಿದೆ. ಐದು ಬುಧವಾರಗಳು. ಅವರ ಸಹಾಯಕಿ ಬರೆದುಕೊಂಡಳು. ನನ್ನ ದನಿ ಪರೀಕ್ಷೆಯಲ್ಲಿ ನಪಾಸಾದವನು ಅಂಕ ಓದಿದಂತಿತ್ತು.

ಈ ಸಲ ಡಾಕ್ಟರಮ್ಮ ಕನ್ನಡಿಯನ್ನು ಬೇಗ ಕೆಳಗಿಟ್ಟರು. ಎರಡು ಬೆರಳು ಒಳಗೆ, ಒಂದು ಹೊರಗೆ, ಆ ಜಾಗವನ್ನು ಮೆಲ್ಲಗೆ ಹಿಡಿದರು. ನಾಲಿಗೆಯನ್ನು ಬಟ್ಟೆಯಿಂದ ಹಿಡಿದು ಎಳೆದು ನೋಡಿದರು. ಆಮೇಲೆ ಚಿಕ್ಕಮ್ಮನ ಹಿಂದೆ ಹೋಗಿ ನಿಂತು, ಎರಡೂ ಕೈಗಳ ಬೆರಳುಗಳನ್ನು ದವಡೆಯ ಕೆಳಗೆ ಇಟ್ಟು, ಕತ್ತಿನ ಉದ್ದಕ್ಕೂ ನಿಧಾನವಾಗಿ ಇಳಿಸಿದರು. ಎಡಗಡೆ ಒಂದು ಕಡೆ ಬೆರಳು ನಿಂತಿತು. ಮುಂದಕ್ಕೆ ಹೋಯಿತು. ವಾಪಸು ಬಂದು ಅಲ್ಲೇ ಮತ್ತೆ ನಿಂತಿತು.

“ಏನಾದ್ರೂ ಇದೆಯಾ?” ಎಂದಳು ಚಿಕ್ಕಮ್ಮ. ದನಿಯ ಬೆಣ್ಣೆ ಕರಗಿಹೋಗಿತ್ತು.

“ದೊಡ್ಡಾಸ್ಪತ್ರೆಯವರು ನೋಡಲಿ. ಇವತ್ತೇ ಹೋಗ್ತೀರಿ. ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸ್ತಾರೆ, ಎಂಟು ದಿನದಲ್ಲಿ ಗೊತ್ತಾಗುತ್ತೆ. ಏನೂ ಇಲ್ಲದೇನೂ ಇರಬಹುದು.” ಕೊನೆಯ ವಾಕ್ಯವನ್ನು ಅವರು ಫೋನಿನ ಅಂಕಿ ಒತ್ತುತ್ತಲೇ ಹೇಳಿದರು.

ಫೋನಿನಲ್ಲಿ, “ಹೌದು, ಇವತ್ತು. ಇಲ್ಲ, ಕಾಯೋಕೆ ಆಗಲ್ಲ, ಕಾದು ಆಗಿದೆ,” ಎಂದರು. ಆಮೇಲೆ ಕಾಗದ ಬರೆದರು. ನನ್ನ ಹೆಸರು, ನನ್ನ ನೋಂದಣಿ ಸಂಖ್ಯೆ, ನಾಲ್ಕು ಸಲದ ಸಾಣೆ, ಎಲ್ಲ ಅದರಲ್ಲಿತ್ತು. ಮಡಿಚಿ ನನ್ನ ಕೈಗೆ ಕೊಟ್ಟರು.

“ಮಂಡಳಿಗೂ ನಾನೇ ಬರೆಯಬೇಕು. ಬರೆಯಲ್ಲ ಅಂದ್ಕೋಬೇಡ.”

“ಗೊತ್ತು ಮೇಡಂ.”

“ಉಗುರು ಅರದಲ್ಲಿ ಆ ಹೊಳಪು ಬರಲ್ಲ ಅಂತ ನನಗೆ ಗೊತ್ತಿತ್ತು. ಕೇಳಿದ್ರೆ ನೀನು ಹೇಳಿಬಿಡ್ತೀಯೇನೋ ಅಂತ ಕೇಳಲಿಲ್ಲ.” ಅವರು ಕುರ್ಚಿಯ ದೀಪ ಆರಿಸಿದರು. “ಅದನ್ನೂ ಬರೀತೀನಿ.”

ದೊಡ್ಡಾಸ್ಪತ್ರೆಗೆ ಹೋಗುವ ಬಸ್ಸಿನಲ್ಲಿ ಚಿಕ್ಕಮ್ಮ ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಮೂರು ನಿಲ್ದಾಣ ದಾಟಿದ ಮೇಲೆ, “ಎಷ್ಟು ಚೆನ್ನಾಗಿ ಸುಳ್ಳು ಹೇಳಿದ್ದೆ. ಕೆಡಿಸಿಬಿಟ್ಟೆ,” ಎಂದಳು.

“ಚೆನ್ನಾಗಿತ್ತು. ಅದಕ್ಕೇ ಕೆಡಿಸಿದ್ದು.”

“ಇನ್ನು ಮುಂದೆ ಏನು ಮಾಡ್ತೀಯ ನೀನು?”

“ಗೊತ್ತಿಲ್ಲ.”

“ನನಗೇನಾಗಿದೆ ಅಂತ?”

“ಅದೂ ಗೊತ್ತಿಲ್ಲ ಚಿಕ್ಕಮ್ಮ. ನಿಜವಾಗ್ಲೂ ಗೊತ್ತಿಲ್ಲ.”

ಅವಳು ಕೈ ಚಾಚಿ ನನ್ನ ಮಣಿಕಟ್ಟು ಹಿಡಿದಳು. ಐದು ವರ್ಷದವನನ್ನು ರಸ್ತೆ ದಾಟಿಸುವ ಹಿಡಿತವಲ್ಲ, ತನ್ನನ್ನು ಯಾರಾದರೂ ದಾಟಿಸಲಿ ಎನ್ನುವವರ ಹಿಡಿತ.

ಆಸ್ಪತ್ರೆಯ ಎರಡನೆಯ ಮಹಡಿಯಲ್ಲಿ ಉದ್ದನೆಯ ಓಣಿ, ಅದರ ಎರಡೂ ಬದಿಗೆ ಕಬ್ಬಿಣದ ಬೆಂಚು. ಶಸ್ತ್ರಚಿಕಿತ್ಸಕರು ಕಾಗದ ಓದಿ, ತಾರೀಖುಗಳ ಮೇಲೆ ಬೆರಳಾಡಿಸಿ, ಅವಳನ್ನು ಒಳಗೆ ಕರೆದುಕೊಂಡರು. ನರ್ಸು ಎರಡೂ ಸೆಟ್ಟನ್ನು ನೀರಿನ ಡಬ್ಬಿಯಲ್ಲಿ ಹಾಕಿ ನನ್ನ ತೊಡೆಯ ಮೇಲಿಟ್ಟಳು. ಬಾಗಿಲು ಮುಚ್ಚಿತು.

ಒಳಗಿನಿಂದ ಯಾವ ಸದ್ದೂ ಇಲ್ಲ. ಹದಿನಾರು ವರ್ಷ ಬಾಗಿಲಾಚೆಯ ಸದ್ದು ಕೇಳಿಯೇ ಬದುಕಿದವನಿಗೆ ಆ ನಿಶ್ಶಬ್ದವನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಎದುರು ಬೆಂಚಿನವರು ಪತ್ರಿಕೆ ಓದುತ್ತಿದ್ದರು. ಯಾರೂ ನೋಡುತ್ತಿಲ್ಲವೆಂದು ಖಾತ್ರಿಯಾದ ಮೇಲೆ, ಡಾಕ್ಟರಮ್ಮನ ಬೆರಳು ನಿಂತ ಜಾಗವನ್ನು ನನ್ನದೇ ದವಡೆಯ ಕೆಳಗೆ ಹುಡುಕಿದೆ. ಎಡಗಡೆ ಏನೋ ಉರುಟಾಗಿ ಸಿಕ್ಕಿತು. ಬಲಗಡೆ ಒತ್ತಿದೆ, ಅಲ್ಲಿಯೂ ಸಿಕ್ಕಿತು. ಎಲ್ಲರಿಗೂ ಇರುವಂಥದ್ದೋ, ಯಾರಿಗೂ ಇರಬಾರದ್ದೋ, ನನಗೆ ತಿಳಿಯದು. ಮತ್ತೆ ಎಡಗಡೆಗೆ ಬಂದೆ. ಒತ್ತಿದೆ, ಸರಿಸಿದೆ, ಇನ್ನೂ ಜೋರಾಗಿ ಒತ್ತಿದೆ. ಬೆರಳಿಗೆ ಸಿಗುತ್ತಿತ್ತು, ಬುದ್ಧಿಗೆ ಸಿಗುತ್ತಿರಲಿಲ್ಲ. ಐದು ಬುಧವಾರ ಇದೇ ಬೆರಳನ್ನು ನಂಬಿ ಅವಳು ಬಾಯಿ ತೆರೆದಿದ್ದಳು.